ಕ್ಯಾಲೆಂಡರಿನಲ್ಲಿ ‘ಮಿ’ ಇದ್ದ ದಿನಗಳು

ನಮ್ಮ ಮನೆಗೆ ಬರುವ ಕ್ಯಾಲೆಂಡರುಗಳಲ್ಲಿ ದೇವರ ತುಟಿ ಸರಿಯಾದ ಜಾಗದಲ್ಲಿ ಇದ್ದದ್ದನ್ನು ನಾನು ನೋಡಿಲ್ಲ. ಅಪ್ಪ ಚಾಮರಾಜಪೇಟೆಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುತ್ತಾರೆ. ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರದೆ ಹೋದ ಪ್ರತಿಗಳು ಗಿರಾಕಿಗೆ ಹೋಗುವುದಿಲ್ಲ, ನಮ್ಮ ಮನೆಗೆ ಬರುತ್ತವೆ. ಅದಕ್ಕೆ ಅಪ್ಪನ ಭಾಷೆಯಲ್ಲಿ ‘ರಿಜಿಸ್ಟರ್ ಔಟ್’ ಎಂದು ಹೆಸರು. ಒಂದು ವರ್ಷ ಗಣಪತಿಗೆ ಒಂದೂವರೆ ಸೊಂಡಿಲಿತ್ತು. ನನ್ನ ಕಾಯಿಲೆಯ ವರ್ಷ ಲಕ್ಷ್ಮಿಯ ತುಟಿಯ ಕೆಂಪು ಕೆನ್ನೆಯ ಕಡೆಗೆ ಜಾರಿತ್ತು, ಕೆಳಗೆ ತಿಂಗಳ ಹಾಳೆಗಳಲ್ಲಿ ಭಾನುವಾರದ ಕೆಂಪು ಅಂಕಿಗಳೆಲ್ಲ ಸೋಮವಾರದ ಕಡೆಗೆ ವಾಲಿದ್ದವು. ಅಮ್ಮನಿಗೆ ಇದರ ಬಗ್ಗೆ ಏನೂ ತಕರಾರಿಲ್ಲ. ತಾರೀಖು ಸರಿಯಾಗಿದ್ದರೆ ಸಾಕು ಅನ್ನುತ್ತಾಳೆ.

ನನ್ನ ಕಾಯಿಲೆಯ ಅರ್ಧವನ್ನು ಕಂಡುಹಿಡಿದದ್ದು ಡಾಕ್ಟರ ಕ್ಯಾಮೆರಾ. ಉಳಿದರ್ಧವನ್ನು ಕಂಡುಹಿಡಿದದ್ದು ಈ ಲಕ್ಷ್ಮಿಯ ಕ್ಯಾಲೆಂಡರು. ಅದಕ್ಕೇ ಅಲ್ಲಿಂದ ಶುರು ಮಾಡಿದೆ. ಟಾಯ್ಲೆಟ್ಟಿನ ಬಾಗಿಲ ಹಿಂದೆ ಕೂತು ಫೋನಿನಲ್ಲಿ ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ, ಆತುರ ಬೇಡ, ನಿಧಾನವಾಗಿ ಓದಿ. ನಾನೂ ಅಲ್ಲೇ ಕೂತಿದ್ದೆ.

ನನ್ನ ಹೆಸರು ಗಿರಿ, ವಯಸ್ಸು ಇಪ್ಪತ್ತೆರಡು. ಆಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಓದಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನನಗೆ ಬರುವುದು ಒಂದೇ, ಬೇರೆಯವರ ದನಿ. ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರು ಹಾಡು ಮುಗಿಸಿ ನೀರು ಕುಡಿಯುವ ಹತ್ತು ನಿಮಿಷ ನನ್ನದು. ಬಸ್ ಕಂಡಕ್ಟರ್, ಕುಕ್ಕರ್ ಸೀಟಿ, ನಮ್ಮ ಅಕೌಂಟ್ಸ್ ಮೇಷ್ಟ್ರು, ಅರ್ಚಕರು ಸಂಕಲ್ಪ ಮಾಡುತ್ತಲೇ ಫೋನ್ ಕಟ್ ಮಾಡುವ ರೀತಿ, ಎಲ್ಲ ಮಾಡುತ್ತೇನೆ. ಮನೆಯಲ್ಲಿ ಬಿಡುವುದಿಲ್ಲ. ಅಮ್ಮ ಸೀರೆಗೆ ಫಾಲ್ಸ್, ಜಿಗ್‌ಜಾಗ್ ಹಾಕಿಕೊಡುತ್ತಾಳೆ. ಸೀರೆ ತರುವ ಹೆಂಗಸರು ಗೇಟು ದಾಟುವ ಮೊದಲೇ ಅವರ ದನಿ ನನ್ನ ಬಾಯಲ್ಲಿರುತ್ತಿತ್ತು. ತಂಗಿ ದೀಪು ಕಾಲೇಜಿಗೆ ಹೊರಡುವಾಗ ಅವಳದೇ ದನಿಯಲ್ಲಿ ಟಾಟಾ ಹೇಳಿ ಕಳಿಸುತ್ತಿದ್ದೆ.

ನಾವಿರುವುದು ಹಳೆಯ ವಠಾರ. ಮೂರು ಮನೆ, ಹಿತ್ತಲಲ್ಲಿ ಒಂದು ಟಾಯ್ಲೆಟ್. ನನಗೆ ಬಂದ ಕಾಯಿಲೆಗೆ ಇದಕ್ಕಿಂತ ಕೆಟ್ಟ ವಿಳಾಸ ಇನ್ನೊಂದಿಲ್ಲ.

ಗಣೇಶನ ಸೀಸನ್ ಮುಗಿದ ಮೇಲೆ ಹೊಟ್ಟೆ ಕೆಡುವುದು ಶುರುವಾಯಿತು. ಮೊದಲು ತಪ್ಪನ್ನು ಗೋಬಿ ಮಂಚೂರಿಯನ್ನಿನ ಮೇಲೆ ಹಾಕಿದೆ. ಆಮೇಲೆ ಪರೀಕ್ಷೆಯ ಮೇಲೆ. ರಕ್ತ ಕಂಡಾಗ ಮೂಲವ್ಯಾಧಿ ಇರಬಹುದು, ತಾತನಿಗೂ ಇತ್ತಲ್ಲ ಅಂದುಕೊಂಡೆ. ದಿನಕ್ಕೆ ಮೂರು ಸಲ ಇದ್ದದ್ದು ಐದಾಯಿತು, ಏಳಾಯಿತು. ಯಾರಿಗೂ ಹೇಳಲಿಲ್ಲ. ಹಿತ್ತಲಿಂದ ಬರುವಾಗೆಲ್ಲ ಯಾರದಾದರೂ ದನಿ ಹಾಕಿಕೊಂಡು ಬರುತ್ತಿದ್ದೆ. ನಗುತ್ತಿರುವವರು ಎಣಿಸುವುದಿಲ್ಲ ಎಂಬುದು ನನ್ನ ಲೆಕ್ಕ.

ಪಕ್ಕದ ಮನೆಯ ಸರೋಜಾ ಆಂಟಿ ಎಣಿಸುತ್ತಿದ್ದರು.

“ನಿಮ್ ಗಿರಿ ಬೆಳಿಗ್ಗೆಯಿಂದ ಆರನೇ ಸಲ ಕಣ್ರೀ ಹೋಗ್ತಿರೋದು,” ಅಂದರು ಅಮ್ಮನಿಗೆ, ಸೀರೆ ಕೊಡುವ ನೆಪದಲ್ಲಿ. “ನಾನೇನೂ ಬೈಕೊಂಡ್ ಹೇಳ್ತಿಲ್ಲ. ಹುಡುಗನ ಮುಖ ನೋಡಿ, ಸುಣ್ಣ ಹೊಡೆದಂಗಿದೆ.”

ನಾನು ಆಂಟಿಯ ದನಿಯಲ್ಲೇ “ನಾನೇನೂ ಬೈಕೊಂಡ್ ಹೇಳ್ತಿಲ್ಲ” ಅಂದೆ. ಅವರು ನಗಲಿಲ್ಲ. ಅಮ್ಮ ಹೊಲಿಗೆ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದಳು.

ಬಸವನಗುಡಿಯ ಒಂದು ಆಸ್ಪತ್ರೆಗೆ ಹೋದೆವು. ಹೊಟ್ಟೆಯ ಡಾಕ್ಟರ ಮುಂದಿನ ಹಾಲಿನಲ್ಲಿ ಕೂರುವ ಜನಕ್ಕೆ ಒಂದು ಲಕ್ಷಣವಿದೆ, ಎಲ್ಲರೂ ಟಾಯ್ಲೆಟ್ ಎಲ್ಲಿದೆ ಎಂದು ನೋಡಿಕೊಂಡೇ ಕುರ್ಚಿ ಆರಿಸುತ್ತಾರೆ. ಹಾಗಾಗಿ ಒಂದೇ ಮೂಲೆಯಲ್ಲಿ ರಶ್ಶು. ಕೌಂಟರಿನಲ್ಲಿ ಕೂತಿದ್ದ ಹುಡುಗಿ ಮೂಗಿನಲ್ಲಿ ಟೋಕನ್ ಕರೆಯುತ್ತಿದ್ದಳು. ಮೂರು ಸಲ ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. “ಟೋಕನ್ ಹದಿನೇಳೂ, ಒಳಗ್ ಬನ್ನೀ” ಅಂದೆ, ತಲೆ ತಗ್ಗಿಸಿಕೊಂಡೇ. ಮಂಕಿ ಕ್ಯಾಪ್ ಹಾಕಿದ್ದ ಒಬ್ಬ ಯಜಮಾನರು ಫೈಲು ಎತ್ತಿಕೊಂಡು ಎದ್ದು, ನೇರ ಬಾಗಿಲಿಗೆ ನಡೆದರು.

“ಇನ್ನೂ ಹದಿನಾಲ್ಕು ಸಾರ್, ಕೂತ್ಕೊಳಿ,” ಅಂದಳು ಹುಡುಗಿ. “ನಾನ್ ಕರೀಲೇ ಇಲ್ಲ.”

“ಕರೆದ್ರಲ್ಲಮ್ಮ.”

“ನಾನಲ್ಲ ಸಾರ್, ಅಲ್ಲಿ ಒಬ್ರು ಇದಾರೆ ನೋಡಿ.”

ಇಡೀ ಮೂಲೆ ನಕ್ಕಿತು. ಯಜಮಾನರು ನಕ್ಕರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಕಾದೆ. ಜನ ನಕ್ಕಾಗ ನನ್ನ ಎದೆಯಲ್ಲಿ ಒಂದು ಬಿಸಿ ಏಳುತ್ತದೆ, ಕಾಫಿಯ ಮೊದಲ ಗುಟುಕಿನ ಹಾಗೆ. ನಾನು ಈ ಕೋತಿಚೇಷ್ಟೆಯನ್ನೆಲ್ಲ ಮಾಡುವುದೇ ಅದಕ್ಕೋಸ್ಕರ. ಅವತ್ತು ಅದು ಬರಲಿಲ್ಲ. ಲಿಫ್ಟಿನ ಬಟನ್ ಒತ್ತಿ ನಿಂತವನ ಹಾಗೆ ಇನ್ನೂ ಸ್ವಲ್ಪ ಹೊತ್ತು ಕಾದೆ. ಆಮೇಲೆ ನಮ್ಮ ಟೋಕನ್ ಬಂತು.

ಕರುಳಿನೊಳಗೆ ಕ್ಯಾಮೆರಾ ಬಿಡುವ ಹಿಂದಿನ ದಿನ, ಹೊಟ್ಟೆ ಖಾಲಿ ಮಾಡಲು ಕುಡಿಯಬೇಕಾದ ಔಷಧಿ ನೀರಿನ ಬಗ್ಗೆ ಬರೆಯುವುದಿಲ್ಲ. ಕುಡಿದವರಿಗೆ ಗೊತ್ತು, ಕುಡಿಯದವರ ಊಟ ಕೆಡಿಸುವುದು ಬೇಡ. ಆ ದಿನ ಸರೋಜಾ ಆಂಟಿ ಮನೆಯವರು, ಆಚೆ ಮನೆಯವರು ಎಲ್ಲ ಸೇರಿ ಟಾಯ್ಲೆಟ್ಟನ್ನು ನನಗೇ ಬಿಟ್ಟುಕೊಟ್ಟು ತಮ್ಮ ತಮ್ಮ ನೆಂಟರ ಮನೆಗೆ ಹೋಗಿಬಂದರು. ನಮ್ಮ ವಠಾರದ ಇತಿಹಾಸದಲ್ಲಿ ಅಂಥ ತ್ಯಾಗ ಇನ್ನೊಂದಿಲ್ಲ.

ದೊಡ್ಡ ಕರುಳಿನಲ್ಲಿ ಹುಣ್ಣು, ಉರಿಯೂತ. ಡಾಕ್ಟರು ‘ಅಲ್ಸರೇಟಿವ್ ಕೊಲೈಟಿಸ್’ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಮೇಜಿನ ಮೇಲೆ ಹುಡುಕುವವರು.

“ಹೋಗುತ್ತಾ ಮೇಡಂ ಇದು?” ಅಪ್ಪ ಕೇಳಿದರು.

“ಪೂರ್ತಿ ಹೋಗಲ್ಲ. ಸುಮ್ನಿರೋ ಹಾಗೆ ಮಾಡಬಹುದು. ವರ್ಷಗಟ್ಟಲೆ ಸುಮ್ನಿರೋರು ಇದಾರೆ.”

ಅಪ್ಪ ತಲೆಯಾಡಿಸಿದರು. ಆಟೋದಿಂದ ಇಳಿಯುವಾಗ ನನ್ನ ಕೈ ಹಿಡಿದುಕೊಂಡರು, ಎಲ್.ಕೆ.ಜಿ. ಮಗುವನ್ನು ಇಳಿಸುವ ಹಾಗೆ. ನಾನು ಅದನ್ನು ಬೇರೆಯವರ ಕೈ ಎಂಬಂತೆ ನೋಡಿದೆ.

ಡಾಕ್ಟರು ಹೇಳಿದ್ದರು, ದಿನಕ್ಕೆ ಎಷ್ಟು ಸಲ ಹೋಗುತ್ತಾನೆ, ರಕ್ತ ಇದೆಯೇ, ಮನಸ್ಸು ಹೇಗಿದೆ, ಎಲ್ಲ ಬರೆದಿಡಿ ಎಂದು. ದೀಪು ಅದಕ್ಕೊಂದು ಆ್ಯಪ್ ಇದೆ ಅಂದಳು. ಅಮ್ಮ ಅಡುಗೆಮನೆಯ ಗೋಡೆಯ ಮೇಲಿದ್ದ ಲಕ್ಷ್ಮಿಯ ಕ್ಯಾಲೆಂಡರನ್ನು ತೋರಿಸಿದಳು. ಗ್ಯಾಸ್ ಬದಲಾಯಿಸಿದ್ದು, ಯಾರ ಸೀರೆ ಯಾವತ್ತು ಕೊಡಬೇಕು, ಏಕಾದಶಿ, ನೀರು ಬಿಡದ ದಿನ, ಎಲ್ಲ ಆ ಚೌಕಗಳಲ್ಲೇ ಇರುವುದು. ಮಗನ ಕರುಳಿಗೂ ಅಲ್ಲೇ ಜಾಗ ಆಯಿತು. ಚೌಕದ ಮೇಲಿನ ಮೂಲೆಯಲ್ಲಿ ಎಷ್ಟು ಸಲ ಎಂಬ ಅಂಕಿ. ರಕ್ತ ಇದ್ದರೆ ಕೆಂಪು ಪೆನ್ನಿನ ಚುಕ್ಕಿ. ಕೆಳಗೆ ಕೆಲವು ದಿನ ‘ಮಿ’ ಎಂದು ಒಂದು ಅಕ್ಷರ.

“ಏನೇ ಇದು ಮಿ?” ದೀಪುವನ್ನು ಕೇಳಿದೆ.

“ಮಿಮಿಕ್ರಿ. ನೀನ್ ಮಿಮಿಕ್ರಿ ಮಾಡಿದ್ರೆ ಅವತ್ತು ಮನಸ್ಸು ಚೆನ್ನಾಗಿದೆ ಅಂತ. ಅಮ್ಮನ ಸ್ವಂತ ಸಂಶೋಧನೆ.”

“ನನ್ನನ್ನ ಕೇಳ್ಬಹುದಿತ್ತಲ್ಲ.”

“ಕೇಳಿದ್ರೆ ನೀನ್ ಸರಿಯಾಗಿ ಉತ್ತರ ಕೊಡ್ತೀಯಾ? ಕಂಡಕ್ಟರ್ ಉತ್ತರ ಕೊಡ್ತಾನೆ.”

ನಿಜವೇ. ಅದಕ್ಕೆ ನಾನು ಮಾಡಿದ್ದೇನು ಅಂದರೆ, ಮಾರನೆಯ ದಿನದಿಂದ ಬೆಳಿಗ್ಗೆ ಕಾಫಿಗೆ ಮೊದಲು ಅಮ್ಮನಿಗೆ ಕೇಳುವ ಹಾಗೆ ಒಂದು ದನಿ ಮಾಡಿಬಿಡುವುದು. ಸರೋಜಾ ಆಂಟಿ, ಇಲ್ಲವೇ ತರಕಾರಿ ಗಾಡಿಯವನು, ಇಲ್ಲವೇ ಡಾಕ್ಟರು ಕನ್ನಡಕ ಹುಡುಕುವುದು. ಅಮ್ಮ ಒಲೆಯ ಮುಂದಿನಿಂದಲೇ ನಕ್ಕು, ಒದ್ದೆ ಕೈ ಸೆರಗಿಗೆ ಒರೆಸಿ, ಪೆನ್ನು ತೆಗೆದುಕೊಳ್ಳುತ್ತಿದ್ದಳು. ಮಿ. ಒಂದು ಕೆಲಸ ಮುಗಿಯಿತು. ಹೊಟ್ಟೆ ಕಿವುಚಿದ ದಿನ, ಅಮ್ಮನ ಮುಖ ಸಣ್ಣದಾದ ದಿನ, ಸಂಜೆ ಇನ್ನೊಂದು ಮಾಡುತ್ತಿದ್ದೆ. ಅಂಥ ಚೌಕದಲ್ಲಿ ಎರಡು ಮಿ. ಹೊಟ್ಟೆ ಸ್ವಲ್ಪ ತಣ್ಣಗಿದ್ದ ದಿನ, ಅಮ್ಮ ತಾನೇ ನೆಮ್ಮದಿಯಾಗಿರುವಾಗ, ಸುಮ್ಮನಿದ್ದುಬಿಡುತ್ತಿದ್ದೆ.

ದುಃಖ ಅಂತ ಯಾರೂ ತಿಳಿದುಕೊಳ್ಳಬೇಡಿ. ದುಃಖ ಬಂದಿದ್ದರೆ ಗೊತ್ತಾಗುತ್ತಿತ್ತು, ಅತ್ತಾದರೂ ಅಳುತ್ತಿದ್ದೆ. ಇದು ಏನೂ ಇಲ್ಲದಿರುವುದು. ಗಾಂಧಿ ಬಜಾರಿನಲ್ಲಿ ಹೂವಿನ ಸಾಲಿನ ಮಧ್ಯೆ ನಡೆದುಹೋದರೆ ಮಲ್ಲಿಗೆ ಕಾಣುತ್ತಿತ್ತು, ವಾಸನೆ ಮೂಗಿಗೂ ಬರುತ್ತಿತ್ತು, ಅಲ್ಲಿಂದ ಮುಂದೆ ಎಲ್ಲಿಗೂ ಹೋಗುತ್ತಿರಲಿಲ್ಲ. ಗೆಳೆಯನೊಬ್ಬ ತನ್ನ ಅಪ್ಪನ ಆಪರೇಷನ್ನಿನ ವಿಷಯ ಹೇಳುತ್ತ ಅತ್ತ. ಇಂಥ ಹೊತ್ತಿನಲ್ಲಿ ಜನ ಬೆನ್ನು ತಟ್ಟುತ್ತಾರೆ ಎಂದು ನೆನಪಾಗಿ ತಟ್ಟಿದೆ. ನಾಲ್ಕು ಸಲ. ಐದನೆಯದು ಜಾಸ್ತಿ ಆಗಬಹುದು ಅನ್ನಿಸಿತು. ಆ ವೇಳೆಗೆ ನಾನು ಅತಿ ಹೆಚ್ಚು ಮಾಡುತ್ತಿದ್ದ ದನಿ ಕಂಡಕ್ಟರನದಲ್ಲ, ಗಿರಿ ಎಂಬ ಹುಡುಗನದು. ಚೆನ್ನಾಗಿಯೇ ಮಾಡುತ್ತಿದ್ದೆ. ಯಾರಿಗೂ ಅನುಮಾನ ಬರಲಿಲ್ಲ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಕಾಲೇಜಿನಿಂದ ಬರುತ್ತ ರಸ್ತೆ ದಾಟುತ್ತಿದ್ದೆ. ಬಸ್ಸೊಂದು ನನ್ನ ಮೊಣಕೈಯ ಹತ್ತಿರ ಬಂದು ಬ್ರೇಕ್ ಹಾಕಿತು. ಡ್ರೈವರ್ ತಲೆ ಹೊರಗೆ ಹಾಕಿ ಬೈದ. ನಾನು ಸಾಯಲು ಹೋಗಿದ್ದೆ ಎಂದಲ್ಲ. ನೋಡಬೇಕು ಅನ್ನಿಸಿರಲಿಲ್ಲ, ಅಷ್ಟೇ. ಫುಟ್‌ಪಾತ್ ಹತ್ತಿ ನಿಂತ ಮೇಲೆ ಎದೆ ಹೊಡೆದುಕೊಳ್ಳಬೇಕಿತ್ತಲ್ಲ ಎಂದು ಕೈ ಇಟ್ಟು ನೋಡಿದೆ. ಮಾಮೂಲಾಗಿತ್ತು. ಮನೆಗೆ ಹೋಗಿ ಆ ಡ್ರೈವರ್ ಬೈದದ್ದನ್ನು ಮಾಡಿ ತೋರಿಸಿದೆ, ಬಸ್ಸಿನ ಹಾರ್ನಿನ ಸಮೇತ. ಬೇರೆ ಯಾರಿಗೋ ಬೈದ ಅಂದೆ. ದೀಪು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಚೌಕದಲ್ಲೂ ಮಿ ಇದೆ.

ಮಾತ್ರೆಗಳು ಕೆಲಸ ಮಾಡಲಿಲ್ಲ. ಸ್ಟೀರಾಯ್ಡಿನಿಂದ ಮುಖ ದೋಸೆಯ ಹಾಗೆ ಅಗಲವಾಯಿತು, ಹೊಟ್ಟೆ ಹಾಗೇ ಇತ್ತು. ತಿಂಗಳ ಕೊನೆಯಲ್ಲಿ ಮತ್ತೆ ಆಸ್ಪತ್ರೆ. ಈ ಸಲವೂ ಅಪ್ಪ ಅರ್ಧ ದಿನ ರಜೆ ಹಾಕಿ ಬಂದರು. ಅಮ್ಮ ಲಕ್ಷ್ಮಿಯನ್ನು ಗೋಡೆಯಿಂದ ಇಳಿಸಿ, ಸುರುಳಿ ಸುತ್ತಿ, ಫಾಲ್ಸ್ ಕವರಿನಲ್ಲಿ ಹಾಕಿಕೊಂಡಳು.

ಡಾಕ್ಟರು ಅದನ್ನು ಪರೀಕ್ಷೆಯ ಮಂಚದ ಮೇಲೆ ಹರಡಿದರು. ಮೊದಲು ತುಟಿ ನೋಡಿದರು.

“ಇದೇನ್ರೀ ಇದು?”

“ನಂದೇ ಮೇಡಂ,” ಅಪ್ಪ ಅಂದರು. “ರಿಜಿಸ್ಟರ್ ಔಟ್.”

ಅವರು ಕನ್ನಡಕ ಇಳಿಸಿಕೊಂಡು ಚೌಕಗಳನ್ನು ನೋಡತೊಡಗಿದರು. ಜನವರಿಯ ಹಾಳೆ ಮಡಚಿ ಫೆಬ್ರವರಿ ನೋಡಿದರು. ಮತ್ತೆ ಜನವರಿಗೆ ಹೋದರು. ಮಿ ಅಂದರೆ ಏನೆಂದು ಅಮ್ಮನನ್ನು ಕೇಳಿ ತಿಳಿದುಕೊಂಡರು. ಅಮ್ಮ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. “ಹೊಟ್ಟೆ ಹೇಗಾದ್ರೂ ಇರ್ಲಿ ಮೇಡಂ, ಮನಸ್ಸು ಮಾತ್ರ ಗಟ್ಟಿ ಇವನದು.”

ಡಾಕ್ಟರು ಪೆನ್ನಿನ ಹಿಂಬದಿಯನ್ನು ಒಂದು ಚೌಕದ ಮೇಲೆ ಇಟ್ಟರು. “ಇಲ್ಲಿ ಮೂರು ಸಲ. ಮಿ ಇಲ್ಲ.” ಇನ್ನೊಂದು. “ಇಲ್ಲಿ ನಾಲ್ಕು. ಇಲ್ಲೂ ಇಲ್ಲ. ಇಲ್ಲಿ ನೋಡಿ, ಹತ್ತು ಸಲ, ರಕ್ತ ಬೇರೆ. ಎರಡೆರಡು ಮಿ.” ಅಮ್ಮ ಬಗ್ಗಿ ನೋಡಿದಳು. ತಾನೇ ಬರೆದದ್ದನ್ನು ಮೊದಲ ಸಲ ಓದುವವಳ ಹಾಗೆ ಬೆರಳಿಟ್ಟು ನೋಡುತ್ತ ಹೋದಳು.

“ಹತ್ತು ಸಲ ಹೋದ ದಿನ ಎರಡು ಸಲ ನಗಿಸಿದೀಯ,” ಡಾಕ್ಟರು ನನ್ನ ಕಡೆ ತಿರುಗಿದರು. “ಯಾರಿಗೋಸ್ಕರ ಹೇಳಪ್ಪ?”

ನನ್ನ ಬಾಯಿ ತೆರೆಯಿತು. ಬಂದದ್ದು ಸರೋಜಾ ಆಂಟಿ. “ನಾನೇನೂ ಬೈಕೊಂಡ್ ಹೇಳ್ತಿಲ್ಲ ಕಣ್ರೀ...”

“ಅವ್ರು ಹೊರಗೆ ಕೂತಿರ್ಲಿ,” ಅಂದರು ಡಾಕ್ಟರು. ನಗಲೂ ಇಲ್ಲ, ಗದರಲೂ ಇಲ್ಲ. “ನೀನು ಹೇಳು.”

ಹೊರಗೆ ಟೋಕನ್ ಕರೆಯುವುದು ಕೇಳಿಸುತ್ತಿತ್ತು. ಇಪ್ಪತ್ತೆರಡು, ಇಪ್ಪತ್ತಮೂರು ಎಂದು. ನನ್ನ ಬಾಯೊಳಗೆ ಕಂಡಕ್ಟರ್ ಬಂದ, ಅರ್ಚಕರು ಬಂದರು, ಗೆಳೆಯರ ಮುಂದೆ ಮಾತಾಡುವ ಆ ಗಿರಿಯೂ ಬಂದ. ಒಬ್ಬೊಬ್ಬರನ್ನೇ ವಾಪಸ್ ಕಳಿಸಿದೆ. ಕೊನೆಗೆ ಉಳಿದ ದನಿ ಬಹಳ ಸಣ್ಣದಿತ್ತು, ನನಗೇ ಗುರುತು ಸಿಗಲಿಲ್ಲ.

“ನಂಗೆ ಏನೂ ಅನ್ನಿಸ್ತಿಲ್ಲ ಮೇಡಂ.”

“ಏನೂ ಅಂದ್ರೆ?” ಅಮ್ಮ ಕೇಳಿದಳು.

ಅಪ್ಪನ ಮುಖ ನೋಡಿದೆ. “ಅಪ್ಪ, ನಾಲ್ಕು ಕಲರಲ್ಲಿ ಮೂರು ಬೀಳ್ತಾನೇ ಇಲ್ಲ. ಬರೀ ಬ್ಲ್ಯಾಕ್ ಇಂಕು ಓಡ್ತಿದೆ. ಗೆರೆ ಕಾಣತ್ತೆ, ಅಕ್ಷರ ಕಾಣತ್ತೆ, ಓದ್ಬಹುದು. ಅಷ್ಟೇ.”

ಅಪ್ಪ ನೆಟ್ಟಗೆ ಕೂತರು. “ಎಷ್ಟು ದಿನದಿಂದ?”

“ಐದಾರು ತಿಂಗಳು.”

“ಆರು ತಿಂಗಳು ಮೆಷಿನ್ ನಿಲ್ಲಿಸ್ದೇ ಓಡ್ಸಿದ್ಯಾ ನೀನು,” ಅಂದರು ಅಪ್ಪ.

ಬಸ್ಸಿನ ವಿಷಯವನ್ನೂ ಅವತ್ತೇ ಹೇಳಿದೆ, ಹಾರ್ನ್ ಇಲ್ಲದೆ. ಹೇಳಿದ್ದು ಒಳ್ಳೆಯದಾಯಿತು. ಡಾಕ್ಟರು ಮಾಡುತ್ತಿದ್ದ ಬೇರೆ ಕೆಲಸವನ್ನೆಲ್ಲ ನಿಲ್ಲಿಸಿ, ಮನಸ್ಸಿನ ಡಾಕ್ಟರಿಗೆ ತಾವೇ ಫೋನ್ ಮಾಡಿ, ಆ ಸಂಜೆಗೇ ಸಮಯ ತೆಗೆದುಕೊಂಡರು.

“ಕರುಳಲ್ಲಿ ಉರಿಯೂತ ಇದ್ದಾಗ ಅಲ್ಲಿರೋ ಬ್ಯಾಕ್ಟೀರಿಯಾನೂ ಏರುಪೇರಾಗಿರುತ್ತೆ,” ಎಂದು ಅಪ್ಪನಿಗೆ ಹೇಳಿದರು. “ಅಲ್ಲಿನ ಗಲಾಟೆ ತಲೆವರೆಗೂ ಮುಟ್ಟುತ್ತೆ, ತಲೇದು ಹೊಟ್ಟೆಗೆ ಮುಟ್ಟುತ್ತೆ. ಈ ವಯಸ್ಸಿನವರಲ್ಲಿ ಎರಡೂ ಜೊತೇಲಿ ಬರೋದನ್ನ ನೋಡ್ತಾನೇ ಇರ್ತೀವಿ. ಇವನಲ್ಲಿ ಯಾವುದು ಮೊದಲು ಶುರುವಾಯ್ತು ಅಂತ ಕೇಳ್ಬೇಡಿ, ನನಗೂ ಗೊತ್ತಿಲ್ಲ. ನಾನು ಕೊಟ್ಟ ಸ್ಟೀರಾಯ್ಡಿಂದೂ ಪಾಲಿರಬಹುದು. ಎರಡಕ್ಕೂ ಒಟ್ಟಿಗೆ ಔಷಧಿ ಮಾಡೋಣ.”

“ಅಂದ್ರೆ ಹುಳದಿಂದ ತಲೆ ಕೆಟ್ಟಿದೆ,” ಅಂದರು ಅಪ್ಪ.

“ಹುಳ ಅಲ್ಲ. ಕೆಟ್ಟೂ ಇಲ್ಲ.”

“ಸರಿ ಮೇಡಂ,” ಅಂದರು ಅಪ್ಪ, ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿಸಿಕೊಂಡವರ ಹಾಗೆ.

ಮನೆಗೆ ಬಂದು ಅಮ್ಮ ಕ್ಯಾಲೆಂಡರನ್ನು ಗೋಡೆಗೆ ಹಾಕಲಿಲ್ಲ. ಹೊಲಿಗೆ ಮೆಷಿನ್ನಿನ ಮೇಲೆ ಹರಡಿಕೊಂಡು, ದೀಪುವಿನ ರಬ್ಬರ್ ತೆಗೆದುಕೊಂಡು ಮಿಗಳನ್ನು ಒಂದೊಂದಾಗಿ ಉಜ್ಜತೊಡಗಿದಳು. ಬಾಲ್‌ಪೆನ್ನು ಹೋಗಲಿಲ್ಲ, ಕಾಗದವೇ ಎದ್ದು ಬಂತು.

“ನಾನೇ ತಪ್ಪು ಬರ್ಕೊಂಡ್ ಬಂದೆ ಕಣೋ.”

“ತಪ್ಪು ಬರೆಸಿದ್ದು ನಾನು. ಬಿಡಮ್ಮ, ತೂತಾಗುತ್ತೆ.”

“ಆಗ್ಲಿ.” ಉಜ್ಜುತ್ತಲೇ ಇದ್ದಳು. ಅವಳು ಅಳುತ್ತಿರುವುದು ಕಾಣುತ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಬೆನ್ನು ತಟ್ಟಲಿಲ್ಲ. ತಟ್ಟಿದರೆ ಅದೂ ಮಿಮಿಕ್ರಿಯೇ ಆಗುತ್ತಿತ್ತು.

ಆಮೇಲಿನದು ನಿಧಾನದ ಕೆಲಸ. ಕೆಲವು ವಾರಗಳಿಗೊಮ್ಮೆ ಕೈಗೆ ಡ್ರಿಪ್ಪಿನಲ್ಲಿ ಹೊಸ ಔಷಧಿ. ಬೆಳಿಗ್ಗೆ ಮನಸ್ಸಿನ ಡಾಕ್ಟರ ಮಾತ್ರೆ. ಹದಿನೈದು ದಿನಕ್ಕೊಮ್ಮೆ ಮಲ್ಲೇಶ್ವರದಲ್ಲಿ ಅವರ ಮುಂದೆ ಮುಕ್ಕಾಲು ಗಂಟೆ ಕೂರುವುದು. ಮೊದಲೆರಡು ಸಲ ಇಬ್ಬರೂ ಹೆಚ್ಚಾಗಿ ಫ್ಯಾನಿನ ಶಬ್ದ ಕೇಳಿಸಿಕೊಂಡೆವು. ನೆಂಟರೆಲ್ಲ ಒಂದೊಂದು ಸಲಹೆ ಕೊಟ್ಟರು. ಕುಮಾರ ಪಾರ್ಕಿನ ದೊಡ್ಡಮ್ಮ ಒಂದು ಡಬ್ಬಿ ಮೊಸರು ಕಳಿಸಿ, ಇದರಲ್ಲಿ ಒಳ್ಳೇ ಬ್ಯಾಕ್ಟೀರಿಯಾ ಇದೆಯಂತೆ, ಒಂದು ವಾರದಲ್ಲಿ ಸರಿಹೋಗ್ತಾನೆ ಅಂದರು. ಹೋಗಲಿಲ್ಲ. ಮೊಸರು ಚೆನ್ನಾಗಿತ್ತಂತೆ, ಅಪ್ಪ ತಿಂದರು. ಹಿತ್ತಲಿನ ಬಾಗಿಲಿಗೆ ಸರೋಜಾ ಆಂಟಿ ಒಂದು ಕಾನೂನು ಮಾಡಿದರು. ನಾನು ಎರಡು ಸಲ ತಟ್ಟಿದರೆ ಒಳಗಿರುವವರು ಯಾರೇ ಆಗಲಿ, ಎಷ್ಟೇ ದೊಡ್ಡವರಾಗಲಿ, ಆದಷ್ಟು ಬೇಗ ಹೊರಗೆ ಬರಬೇಕು. ಅವರ ಯಜಮಾನರು ಒಮ್ಮೆ ಅರ್ಧ ಶೇವಿಂಗ್ ಸೋಪಿನಲ್ಲೇ ಬಂದರು.

ಅಂಕಿ ಇಳಿಯತೊಡಗಿತು. ಹತ್ತು, ಏಳು, ನಾಲ್ಕು. ಕೆಂಪು ಚುಕ್ಕಿ ವಾರಕ್ಕೊಂದಾಯಿತು, ಆಮೇಲೆ ನಿಂತಿತು. ಚೌಕದ ಕೆಳಗಿನ ಜಾಗ ಮಾತ್ರ ಖಾಲಿ. ಅಮ್ಮ ಬೆಳಿಗ್ಗೆ ಪೆನ್ನು ಹಿಡಿದು, “ಹೇಗಿದೆಯೋ?” ಎಂದು ನೇರವಾಗಿ ಕೇಳುತ್ತಿದ್ದಳು. ನಾನು “ಏನೂ ಇಲ್ಲಮ್ಮ” ಅನ್ನುತ್ತಿದ್ದೆ. ಅವಳು ಏನೂ ಬರೆಯದೆ ಪೆನ್ನು ಮುಚ್ಚುತ್ತಿದ್ದಳು. ಮಾರ್ಚ್ ಹೀಗೇ ಹೋಯಿತು, ಏಪ್ರಿಲ್ ಹೋಯಿತು, ಮೇ ಹೋಯಿತು. ಹೊಟ್ಟೆ ಸರಿಹೋದ ಮೇಲೂ ಇದು ಹೀಗೇ ಉಳಿದುಬಿಟ್ಟರೆ ಎಂದು ಯೋಚಿಸುತ್ತಿದ್ದೆ. ಆ ಯೋಚನೆಯಿಂದಲೂ ಭಯ ಆಗುತ್ತಿರಲಿಲ್ಲ.

ಜೂನ್ ಕೊನೆಯಲ್ಲಿ ಡಾಕ್ಟರು ಹೊರಗಿನ ತಿಂಡಿ ಸ್ವಲ್ಪ ಸ್ವಲ್ಪ ತಿನ್ನಬಹುದು ಅಂದರು. ಅಪ್ಪ ಮಾರನೆಯ ಸಂಜೆ ಗಾಂಧಿ ಬಜಾರಿನಿಂದ ನಿಪ್ಪಟ್ಟು ತಂದರು. ಒಂಬತ್ತು ತಿಂಗಳಾಗಿತ್ತು. ಅರ್ಧ ತಿಂದೆ. ಇನ್ನರ್ಧವನ್ನು, ಹೊಟ್ಟೆ ಏನನ್ನುತ್ತದೋ ನೋಡೋಣ ಎಂದು, ಪ್ರೆಸ್ಸಿನ ಕಾಗದದಲ್ಲಿ ಸುತ್ತಿ ಡಬ್ಬಿಯ ಹಿಂದೆ ಇಟ್ಟೆ.

ಬೆಳಿಗ್ಗೆ ಎದ್ದಾಗ ಹೊಟ್ಟೆ ಏನೂ ಅನ್ನಲಿಲ್ಲ. ಡಬ್ಬಿಯ ಹಿಂದೆ ಕೈ ಹಾಕಿದರೆ ಬರೀ ಕಾಗದ. ಬಾಗಿಲ ಹತ್ತಿರ ದೀಪು ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತಿದ್ದಳು. ತುಟಿಯ ಪಕ್ಕದಲ್ಲಿ ಒಂದು ಕಡಲೆಬೀಜದ ಚೂರಿತ್ತು.

“ಲೇ, ಅದು ನಂದು ಕಣೇ,” ಅಂದೆ. ದನಿ ಜೋರಾಗಿ ಬಂತು. “ಒಂಬತ್ತು ತಿಂಗ್ಳಾದ್ಮೇಲೆ ತಿಂತಿದೀನಿ, ಅದನ್ನೂ ಬಿಡಲ್ವಾ ನೀನು? ನಾಚಿಕೆ ಆಗಲ್ವಾ? ಇಡೀ ನಿಪ್ಪಟ್ಟು ತಿಂದು, ಮತ್ತೆ ನನ್ನ ಅರ್ಧಕ್ಕೂ ಕೈ ಹಾಕಿದ್ಯಾ?”

ನನ್ನ ಕಿವಿ ಬಿಸಿಯಾಗಿತ್ತು. ಎದೆಯ ಮೇಲೆ ಕೈ ಇಟ್ಟೆ. ಹೊಡೆದುಕೊಳ್ಳುತ್ತಿತ್ತು.

“ಯಾರ ದನಿ ಅದು?” ದೀಪು ಕೇಳಿದಳು, ನಿಧಾನಕ್ಕೆ.

“ಯಾರದೂ ಅಲ್ಲ.”

ಅಮ್ಮ ಒಲೆ ಸಣ್ಣ ಮಾಡಿ, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಕ್ಯಾಲೆಂಡರಿನ ಹತ್ತಿರ ಬಂದಳು. ಮುಚ್ಚಳ ತೆಗೆದು ಪೆನ್ನನ್ನು ಚೌಕದ ಮುಂದೆ ಹಿಡಿದಳು. ಅಪ್ಪ ಪೇಪರ್ ಇಳಿಸಿ ನೋಡುತ್ತಿದ್ದರು.

“ಏನಂತ ಬರೀಲೋ?” ಅಂದಳು.

“ಕೋಪ ಬಂತು ಅಂತ ಬರಿ.”

ಅಮ್ಮ ಅದನ್ನು ಪೂರ್ತಿಯಾಗಿ, ಒಂದಕ್ಷರವನ್ನೂ ಮೊಟಕು ಮಾಡದೆ ಬರೆದಳು. ಜಾಗ ಸಾಲದೆ ಪಕ್ಕದ ದಿನಕ್ಕೂ ಹೋಯಿತು.

“ಇನ್ನೂ ಎರಡು ನಿಪ್ಪಟ್ಟಿದೆ,” ಅಂದಳು ದೀಪು ಚಪ್ಪಲಿ ಹಾಕಿಕೊಳ್ಳುತ್ತ. “ನಾಳೆ ಅದನ್ನೂ ತಿನ್ಲಾ ಅಣ್ಣ?”